ಕೋಳಿ ತಿಂದ ಗಡಿ

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ತಕರಾರು ಬೇಡ. ನಮ್ಮ ಕಾಲೋನಿಯ ಇಪ್ಪತ್ತೆರಡು ಮನೆಗಳನ್ನು ನಕ್ಷೆಯಿಂದ ಅಳಿಸಿದ್ದು ಗಂಗಣ್ಣನ ನಾಲಿಗೆ. ಆದರೆ ನಮ್ಮ ಗಡಿಗೆರೆಯನ್ನು ತಿಂದದ್ದು ನಮ್ಮದೇ ಕೋಳಿಗಳು. ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವ ಬುದ್ಧಿ ನನಗಿಲ್ಲ.

ನಾನು ಪವಿತ್ರ. ದೊಡ್ಡಬೆಳವಂಗಲದಿಂದ ಐದು ಕಿಲೋಮೀಟರ್ ಒಳಗಿರುವ ಈ ಊರಿಗೆ ಸೊಸೆಯಾಗಿ ಬಂದು ಒಂಬತ್ತು ವರ್ಷವಾಯಿತು. ದೊಡ್ಡಬಳ್ಳಾಪುರದ ಗಾರ್ಮೆಂಟ್ಸಿನಲ್ಲಿ ಶರ್ಟಿಗೆ ಕಾಲರ್ ಹೊಲಿಯುತ್ತೇನೆ. ಗಂಡ ನರೇಶ್ ಲಗೇಜ್ ಆಟೋ ಓಡಿಸುತ್ತಾನೆ. ಮನೆಯ ಯಜಮಾನಿಕೆ ನಮ್ಮ ಅತ್ತೆ ಸಪ್ಪಲಮ್ಮನವರದು. ಮಾವ ನರಸಿಂಹಯ್ಯ ಬದುಕಿದ್ದಾಗಲೂ ಅವರದೇ ಆಗಿತ್ತಂತೆ. ಊರಿನವರ ಮುಂದೆ ಅತ್ತೆ ತುಟಿ ಬಿಚ್ಚುವುದಿಲ್ಲ. ಅಲ್ಲಿ ಉಳಿಸಿಕೊಂಡ ಮಾತನ್ನೆಲ್ಲ ಮನೆಗೆ ತಂದು ನನ್ನ ತಲೆಯ ಮೇಲೆ ಸುರಿಯುತ್ತಾರೆ.

ಗಂಗಣ್ಣ ಎರಡು ಸಲ ಪಂಚಾಯ್ತಿ ಮೆಂಬರಾಗಿದ್ದವನು. ಅವನ ಮನೆಯ ಮುಂದೆ ಊರಬೀದಿ, ಹಿಂದೆ ಹಿತ್ತಲು. ಹಿತ್ತಲಲ್ಲಿ ಎರಡು ಹುಣಸೆಮರ, ಒಂದು ಹಲಸಿನ ಮರ, ಮತ್ತೆ ಮಗನ ಮದುವೆಗೆಂದು ಕಟ್ಟಿಸಿದ ಟೈಲ್ಸಿನ ಬಚ್ಚಲುಮನೆ. ಹಿತ್ತಲಿಗೆ ಹೋಗಲು ಮನೆಯೊಳಗಿನಿಂದ ಮಾತ್ರ ದಾರಿ. ಹಿತ್ತಲಿನ ಹಿಂಗೋಡೆಗೆ ಅಂಟಿಕೊಂಡೇ ನಮ್ಮ ಅಂಗಳ, ಅಂಗಳದ ಆಚೆ ನಮ್ಮ ಮನೆ, ಅದರಾಚೆ ಕಾಲೋನಿಯ ಉಳಿದ ಇಪ್ಪತ್ತೊಂದು ಮನೆ. ಅವನ ಬಚ್ಚಲ ನೀರು ಗೋಡೆಯ ತೂತಿನಿಂದ ನಮ್ಮ ಅಂಗಳಕ್ಕೇ ಬೀಳುತ್ತದೆ. ಅವರ ಮನೆಯಲ್ಲಿ ಯಾರು ಯಾವ ಸೋಪು ಹಾಕುತ್ತಾರೆಂದು ನಮ್ಮ ಮನೆಯ ಮಕ್ಕಳನ್ನು ಕೇಳಿದರೂ ಹೇಳುತ್ತಾರೆ.

ಹೋದ ವರ್ಷ ಒಂದು ಆಟೋ ಮೈಕ್ ಕಟ್ಟಿಕೊಂಡು ಊರೆಲ್ಲ ಸುತ್ತಿತು. ಡ್ರೋನ್ ಹಾರಿಸಿ ಮನೆಮನೆಯ ನಕ್ಷೆ ತಯಾರಿಸುತ್ತಾರೆ, ಪ್ರತಿಯೊಬ್ಬರೂ ತಮ್ಮ ಜಾಗದ ಸುತ್ತ ಸುಣ್ಣದ ಗೆರೆ ಎಳೆಯಬೇಕು, ಗೆರೆಯ ಒಳಗಿದ್ದದ್ದು ಅವರದು, ಆಮೇಲೆ ಎಲ್ಲರಿಗೂ ಹಕ್ಕಿನ ಕಾರ್ಡು. ಕಾರ್ಡೆಂದರೆ ನಮಗೆ ಸಣ್ಣ ವಿಷಯವಲ್ಲ. ನಲವತ್ತು ವರ್ಷದ ಹಿಂದೆ ಸರ್ಕಾರ ಕೊಟ್ಟ ಹಕ್ಕುಪತ್ರಗಳನ್ನು ಅರ್ಧ ಗೆದ್ದಲು ತಿಂದಿದೆ, ಅರ್ಧ ಮಳೆ ತಿಂದಿದೆ. ಅದೇ ಹೊತ್ತಿಗೆ ಬೆಂಗಳೂರಿನಿಂದ ಲೇಔಟಿನವರು ಕಾರಿನಲ್ಲಿ ಬಂದು ಗಂಗಣ್ಣನ ಜಗುಲಿಯಲ್ಲಿ ಕೂತು ಕಾಫಿ ಕುಡಿದು ಹೋಗುತ್ತಿದ್ದರು. ಅವರ ಲೇಔಟಿಗೆ ರಸ್ತೆ ಬೇಕು. ರಸ್ತೆ ನೇರವಾಗಿ ಬರಬೇಕಾದರೆ ನಮ್ಮ ಮನೆಗಳ ಮೇಲೆಯೇ ಬರಬೇಕು. ನಮ್ಮ ಕೈಯಲ್ಲಿ ಕಾರ್ಡಿದ್ದರೆ ನಮ್ಮನ್ನು ಕೇಳಬೇಕಾಗುತ್ತದೆ. ಇಲ್ಲದಿದ್ದರೆ ಒಂದು ಜೆಸಿಬಿ ಸಾಕು.

ತಮ್ಮ ಗೆರೆ ತಾವೇ ಎಳೆದುಕೊಳ್ಳಬೇಕು ಅಂತ ಮೈಕಿನಲ್ಲಿ ಮೂರು ಸಲ ಹೇಳಿದ್ದರು. ಊರಿನವರ ಪ್ರಕಾರ ಅದರ ಅರ್ಥ, ಕಾಲೋನಿಯವರು ಎಳೆಯಬೇಕು. ಅವತ್ತು ಸಾಯಂಕಾಲ ಗಂಗಣ್ಣ ಕಾಲೋನಿಯ ಬಾಯಲ್ಲಿ ಬಂದು ನಿಂತ. ಅಲ್ಲಿಂದ ಒಳಗೆ ಅವನು ಕಾಲಿಟ್ಟವನಲ್ಲ, ಎಲೆಕ್ಷನ್ನಿನಲ್ಲಿ ಬಿಟ್ಟು.

"ಸಪ್ಪಲೀ, ನಾಳೆ ನಾಡಿದ್ದು ಕೂಲಿಗೆ ಹೋಗ್ಬ್ಯಾಡ. ಸುಣ್ಣ ಎಳಿಯೋ ಕೆಲ್ಸ ಐತೆ. ಸೊಸೇನೂ ಕರ್ಕೊಂಡ್ ಬಾ."

"ನಂಗೆ ಡ್ಯೂಟಿ ಐತೆ" ಅಂದೆ.

"ಎರಡು ದಿನ ರಜಾ ಹಾಕಮ್ಮ, ಊರ ಕೆಲ್ಸ. ನಿಮ್ಮಾವ ಸರ್ವೆಯೋರ ಜೊತೆ ಸರಪಣಿ ಎಳ್ದೋನು. ಇದು ನಿಮ್ಮ ಮನೆತನದ ಕೆಲ್ಸ ಕಣಮ್ಮ."

ನಮ್ಮ ಮನೆಗೂ ಒಂದು ಮನೆತನ ಇದೆ ಅಂತ ಗಂಗಣ್ಣನ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಅತ್ತೆ "ಆಯ್ತು ಸ್ವಾಮಿ" ಅಂದರು. ಅವನು ಅತ್ತ ಹೋದಮೇಲೆ ಮನೆಯೊಳಗೆ ಏನು ಅಂದರು ಅನ್ನುವುದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಎರಡು ದಿನ, ನೂರ ಹತ್ತು ಮನೆ. ತಲೆಯ ಮೇಲೆ ಸುಣ್ಣದ ಮಂಕರಿ, ಕೈಯಲ್ಲಿ ತೂತು ಹೊಡೆದ ಡಬ್ಬಿ. ಬಗ್ಗಬೇಕು, ಡಬ್ಬಿ ಕುಟ್ಟಬೇಕು, ಒಂದು ಹೆಜ್ಜೆ ಹಿಂದಕ್ಕೆ ಹೋಗಬೇಕು. ಮತ್ತೆ ಬಗ್ಗಬೇಕು. ಮೊದಲನೇ ದಿನ ಮಧ್ಯಾಹ್ನಕ್ಕೆ ನನ್ನ ಬೆರಳ ಸಂದುಗಳು ಬಿರಿದವು. ಅತ್ತೆಯ ಹಿಮ್ಮಡಿ ಮೊದಲೇ ಒಡೆದ ನೆಲ, ಒಳಗೆ ಸುಣ್ಣ ಇಳಿದು ಅವರು ಬೆರಳ ಮೇಲೇ ನಡೆಯುತ್ತಿದ್ದರು. ಕಣ್ಣು ಉಜ್ಜಿಕೊಳ್ಳುವ ಹಾಗಿಲ್ಲ, ಉಜ್ಜಿದರೆ ಕೆಲಸ ಕೆಡುತ್ತದೆ. ಆಯಾ ಮನೆಯವರು ಮಾತ್ರ ನೆರಳಲ್ಲಿ ನಿಂತು "ದಪ್ಪಗೆ ಎಳಿ, ಮೇಲಿಂದ ಕಾಣ್ಬೇಕು" ಅನ್ನುತ್ತಿದ್ದರು. ಇನ್ನು ಕೆಲವರು "ಇನ್ನೊಂದಡಿ ಆಕಡೆ ಎಳಿ, ಅವನಿಗೇನು ಗೊತ್ತಾಯ್ತದೆ" ಅನ್ನುತ್ತಿದ್ದರು. ಪಕ್ಕದ ಮನೆಯವನು ಬಂದು ಅದನ್ನು ಕಾಲಲ್ಲಿ ಅಳಿಸಿ ಎರಡಡಿ ಈಕಡೆ ಎಳೆಸುತ್ತಿದ್ದ. ಊರಿನ ದಾಯಾದಿ ಜಗಳವೆಲ್ಲ ನಮ್ಮ ಸೊಂಟದ ಮೇಲೆ ನಡೆಯಿತು.

ನೀರು ಕೇಳಿದರೆ ಚೊಂಬಿನಿಂದ ಬೊಗಸೆಗೆ ಎತ್ತರದಿಂದ ಹೊಯ್ಯುತ್ತಿದ್ದರು. ಬೊಗಸೆ ತುಂಬ ಸುಣ್ಣ. ನೀರು ಬಿದ್ದ ಕೂಡಲೇ ಕೈ ಉರಿ. ಎರಡು ದಿನ ಬೆಳ್ಳಗಿರುವ ನೀರು ಕುಡಿದೆವು. "ಹಾಲು ಕುಡ್ದಂಗೆ ಐತೆ ಬಿಡು" ಅಂದರು ಅತ್ತೆ. ಅವರು ತಮಾಷೆ ಮಾಡುತ್ತಿದ್ದಾರೋ ಶಾಪ ಹಾಕುತ್ತಿದ್ದಾರೋ ಅಂತ ಅವರ ಮುಖ ನೋಡಿ ಹೇಳಲಾಗುವುದಿಲ್ಲ.

ಕೊನೆಗೆ ಗಂಗಣ್ಣನ ಮನೆ. ಮುಂದೆ ಎಳೆದೆವು, ಎಡಕ್ಕೆ ಬಲಕ್ಕೆ ಎಳೆದೆವು. ಹಿತ್ತಲಿನ ಗೆರೆ ಬಾಕಿ. ಅವನ ಹೆಂಡತಿ ವರಲಕ್ಷ್ಮಮ್ಮ ಬಾಗಿಲಿಗೆ ಅಡ್ಡ ಕೈಯಿಟ್ಟು ನಿಂತಳು.

"ಹಿಂದೆ ಬ್ಯಾಡ ಬಿಡು ಸಪ್ಪಲಿ. ಶುಕ್ರವಾರ, ಈಗ್ತಾನೆ ಒಳಗೆಲ್ಲ ಒರ್ಸಿದೀನಿ."

"ಗೆರೆ ಬೀಳ್ದಿದ್ರೆ ಮೇಲಿಂದ ಕಾಣಲ್ವಂತೆ ಅಮ್ಮಾ."

"ಅಷ್ಟು ದೊಡ್ಡ ಮರಗಳವೆ, ಕಾಣ್ದೆ ಏನು. ನೀನು ಹೇಳಿಕೊಡ್ತೀಯಾ ನಂಗೆ?"

ಅತ್ತೆ ಹೇಳಿಕೊಡಲಿಲ್ಲ. ಡಬ್ಬಿ ಎತ್ತಿಕೊಂಡು ಹೊರಟರು. ಹೊರಡುವಾಗ ನಮ್ಮ ಕಾಲೋನಿಗೆ ಅಂತ ಒಂದು ಮೂಟೆ ಸುಣ್ಣ ಕೇಳಿದೆವು. ಪಂಚಾಯ್ತಿಯ ಸುಣ್ಣವೆಲ್ಲ ಗಂಗಣ್ಣನ ಜಗುಲಿಯಲ್ಲೇ ಇಟ್ಟಿದ್ದರು. ಅವನು ಖಾಲಿ ಚೀಲ ಕೊಡವಿ ತೋರಿಸಿದ.

"ಮುಗ್ದೋಯ್ತು. ನಿಮ್ಮನೆಗಳೇನು ಓಡೋಯ್ತವಾ?"

ಡ್ರೋನ್ ಬರುವುದು ಮರುದಿನ. ದೊಡ್ಡಬೆಳವಂಗಲಕ್ಕೆ ಹೋಗಿ ಸುಣ್ಣ ತರೋಣ ಅಂದರೆ ಅಂಗಡಿ ಬಾಗಿಲು ಹಾಕಿದ್ದವು. ಆಗ ಪಕ್ಕದ ಮನೆಯ ಲಕ್ಕಮ್ಮಜ್ಜಿ ಉಪಾಯ ಹೇಳಿತು. "ರೇಷನ್ ಅಕ್ಕಿ ಬೀಸ್ಸಿದ ಹಿಟ್ಟು ಐತಲ್ಲ, ಅದೂ ಬೆಳ್ಳಗೇ ಐತೆ." ಅಜ್ಜಿಯನ್ನು ಎಲ್ಲರೂ ಹೊಗಳಿದೆವು. ನಾನಂತೂ ಕೈ ಮುಗಿದೆ. ಬೆಳಗ್ಗೆ ಬೆಳಕು ಹರಿಯುವ ಹೊತ್ತಿಗೆ ಇಪ್ಪತ್ತೆರಡು ಮನೆಯವರೂ ಹಿಟ್ಟಿನ ಪಾತ್ರೆ ಹಿಡಿದು ಹೊರಗೆ ಬಂದರು. ಕೈ ಉರಿಯಿಲ್ಲ, ಕಣ್ಣು ಉರಿಯಿಲ್ಲ. ಸುಣ್ಣಕ್ಕಿಂತ ಚೆಂದದ ಗೆರೆ ಬಿತ್ತು. ಕೆಲವರು ಮೂಲೆಗಳಿಗೆ ಎಳೆ ಬಿಟ್ಟು ರಂಗೋಲಿಯನ್ನೂ ಹಾಕಿದರು.

ಏಳು ಗಂಟೆಗೆ ಕೋಳಿ ಬಿಟ್ಟರು.

ಡ್ರೋನ್ ಬಂದದ್ದು ಹತ್ತೂವರೆಗೆ. ಅಷ್ಟರಲ್ಲಿ ಕೋಳಿಗಳು ನಮ್ಮ ಮನೆಯ ಪೂರ್ವದ ಗಡಿ ಮುಗಿಸಿ ಲಕ್ಕಮ್ಮಜ್ಜಿಯ ಪೂರ್ವದ ಗಡಿಗೆ ಬಂದಿದ್ದವು. ಕೋಳಿ ಬಿಟ್ಟದ್ದನ್ನು ಇರುವೆ ಎತ್ತಿಕೊಂಡು ಹೋಯಿತು, ಇರುವೆ ಬಿಟ್ಟದ್ದನ್ನು ಆಡು ನೆಕ್ಕಿತು. ಪೊರಕೆ ಹಿಡಿದು ಓಡಿಸಿದೆವು. ಓಡಿಸಲು ಹೋದ ನಮ್ಮ ಕಾಲಿಗೆ ಸಿಕ್ಕಿ ಉಳಿದ ಗೆರೆಯೂ ಹೋಯಿತು. ಆ ನಕ್ಷೆಯ ಫೋಟೋ ಇವತ್ತಿಗೂ ಇದೆ. ಅದರಲ್ಲಿ ನಾನಿದ್ದೇನೆ, ಪೊರಕೆ ಇದೆ, ಹುಂಜ ಇದೆ. ಗಡಿ ಮಾತ್ರ ಇಲ್ಲ.

ಹದಿನೈದು ದಿನ ಕಳೆದ ಮೇಲೆ ಇಬ್ಬರು ಆ ಫೋಟೋ ಹಿಡಿದುಕೊಂಡು ಊರಿಗೆ ಬಂದರು. ಯಾವ ಮನೆ ಯಾರದು ಅಂತ ಕೇಳಿ ಬರೆದುಕೊಳ್ಳುವುದು ಅವರ ಕೆಲಸ. ಬಂದದ್ದು ಬುಧವಾರ ಹನ್ನೊಂದು ಗಂಟೆಗೆ. ಆ ಹೊತ್ತಿನಲ್ಲಿ ಕಾಲೋನಿಯಲ್ಲಿ ಇರುವವರು ಕೋಳಿಗಳು ಮಾತ್ರ. ಗಾರ್ಮೆಂಟ್ಸ್ ಬಸ್ಸು ಏಳಕ್ಕೇ ಹೊರಡುತ್ತದೆ, ಉಳಿದವರು ದ್ರಾಕ್ಷಿ ತೋಟಕ್ಕೆ, ಗುಲಾಬಿ ಶೆಡ್ಡಿಗೆ. ಗಂಗಣ್ಣ ಅವರನ್ನು ಜಗುಲಿಯಲ್ಲಿ ಕೂರಿಸಿ ಉಪ್ಪಿಟ್ಟು ಕೊಟ್ಟ. ನಿಮ್ಮ ಮನೆಯ ಹಿಂದೆ ಏನಿದೆ ಅಂತ ಕೇಳಿದ್ದಕ್ಕೆ, ಏನಿಲ್ಲ, ಸರ್ಕಾರದ ಗುಂಡುತೋಪು, ಯಾರೋ ಕೂಲಿಗೆ ಬಂದವರು ತಾತ್ಕಾಲಿಕ ಶೆಡ್ ಹಾಕಿಕೊಂಡಿದ್ದಾರೆ ಅಂದ. ಅವರು ಬರೆದುಕೊಂಡು ಅವನ ಸಹಿ ಹಾಕಿಸಿಕೊಂಡರು. ನಲವತ್ತು ವರ್ಷ ಅವನ ದನದ ಸಗಣಿ ಬಾಚಿದವರು ಉಪ್ಪಿಟ್ಟು ತಣ್ಣಗಾಗುವಷ್ಟರಲ್ಲಿ ಯಾರೋ ಆಗಿಹೋದೆವು.

ಗುಂಡುತೋಪು ಅಂದರೆ ಊರಿಗೆ ಸೇರಿದ ಮರಗಳ ತೋಪು. ಒಂದು ಕಾಲಕ್ಕೆ ಇಲ್ಲಿ ಇತ್ತೋ ಏನೋ. ಈಗ ಕಾಲೋನಿಯಲ್ಲಿ ಮರ ಅಂತ ಇರುವುದು ಲಕ್ಕಮ್ಮಜ್ಜಿಯ ಒಂದು ನುಗ್ಗೆಗಿಡ. ಎಲ್ಲೋ ಕಂಪ್ಯೂಟರ್ ಮುಂದೆ ಕೂತ ಪುಣ್ಯಾತ್ಮರು ಗಂಗಣ್ಣನ ಮನೆಯ ಹಿಂದೆ ತೋಪನ್ನು ಹುಡುಕಿದರು. ತೋಪಿದ್ದ ಮೇಲೆ ಮರ ಇರಬೇಕಲ್ಲ. ಮರ ಇದ್ದದ್ದು ಗಂಗಣ್ಣನ ಹಿತ್ತಲಲ್ಲಿ. ಹಿತ್ತಲಿಗೆ ಸುಣ್ಣದ ಗೆರೆಯೂ ಇಲ್ಲ. ಅವರು ತೋಪಿನ ಹಸಿರು ಬಣ್ಣವನ್ನು ಗಂಗಣ್ಣನ ಅಡಿಗೆಮನೆ ಗೋಡೆಯಿಂದಲೇ ಶುರುಮಾಡಿದರು.

ಕರಡು ನಕ್ಷೆಯನ್ನು ಪಂಚಾಯ್ತಿ ಗೋಡೆಗೆ ಅಂಟಿಸಿದ ದಿನ ನಾನು ಬಸ್ಸಿಳಿದು ಮನೆಗೆ ಬರುವಾಗ ಅದರ ಫೋಟೋ ಹೊಡೆದುಕೊಂಡೆ. ಮನೆಯಲ್ಲಿ ದೊಡ್ಡದು ಮಾಡಿ ಅತ್ತೆಗೆ ತೋರಿಸಿದೆ.

"ಇದು ಗಂಗಣ್ಣನ ಮನೆ ಅತ್ತೆ. ಇಲ್ಲಿಗೇ ಮುಗ್ದೋಯ್ತು. ಈ ಹಸಿರೆಲ್ಲ ಸರ್ಕಾರದ್ದು. ಇದ್ರೊಳಗೆ ಇಪ್ಪತ್ಮೂರು ತಾತ್ಕಾಲಿಕ ಶೆಡ್ ಅಂತ ಐತೆ."

"ನಾವಿರೋದು ಇಪ್ಪತ್ತೆರಡು ಕಣೇ."

"ಇನ್ನೊಂದು ಅವರ ಬಚ್ಚಲುಮನೆ."

ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಗುತ್ತ ನಗುತ್ತ ಗೋಡೆಗೆ ಒರಗಿದರು. ನಾನೂ ನಕ್ಕೆ. ಸ್ವಲ್ಪ ಹೊತ್ತಿಗೆ ಅವರು ನಗುತ್ತಿಲ್ಲ ಅನ್ನುವುದು ಗೊತ್ತಾಯಿತು. ಈ ಮನೆಯ ಒಂದೊಂದು ಇಟ್ಟಿಗೆಯನ್ನೂ ಅವರು ಮತ್ತು ಮಾವ ಕೆರೆಯ ಮಣ್ಣು ತುಳಿದು ಕುಯ್ದದ್ದು. ನಕ್ಷೆಯಲ್ಲಿ ಅದಕ್ಕೆ ತಾತ್ಕಾಲಿಕ ಅಂತ ಹೆಸರು. ನನಗೆ ಅವತ್ತು ಬಂದಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ.

ಹದಿನೈದು ದಿನದೊಳಗೆ ತಕರಾರು ಅರ್ಜಿ ಕೊಡಬಹುದು ಅಂತ ಕೆಳಗೆ ಬರೆದಿತ್ತು. ಇಪ್ಪತ್ತೆರಡು ಮನೆಯ ಅರ್ಜಿ ನಾನೇ ಬರೆದೆ. ಅಳಿದುಳಿದ ಹಕ್ಕುಪತ್ರ, ಕರೆಂಟ್ ಬಿಲ್ಲು, ವೋಟರ್ ಕಾರ್ಡು ಎಲ್ಲ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿದೆ. ಗಂಗಣ್ಣನೂ ಅರ್ಜಿ ಕೊಟ್ಟ. ಪಂಚಾಯ್ತಿ ಮುಂದೆ ಒಂದೇ ಸಾಲಿನಲ್ಲಿ ನಿಂತಿದ್ದೆವು, ನಾವೂ ಅವನೂ, ಎಲ್ಲರೂ ಒಂದೇ ಗುಂಡುತೋಪಿನ ಒತ್ತುವರಿದಾರರು. ಅವನು ನನ್ನ ಕಡೆ ನೋಡಲಿಲ್ಲ. ನಾನು ಅವನನ್ನೇ ನೋಡುತ್ತಿದ್ದೆ, ಅಷ್ಟು ಚೆನ್ನಾಗಿತ್ತು.

ಸ್ಥಳ ಪರಿಶೀಲನೆಗೆ ಬಂದವರು ಜ್ಯೋತಿಲಕ್ಷ್ಮಿ ಅನ್ನುವ ಸರ್ವೆಯರು. ಮೂವತ್ತರ ಆಸುಪಾಸು, ತಲೆಗೆ ಟೋಪಿ, ಕಾಲಿಗೆ ಬೂಟು. ಕೈಯಲ್ಲಿ ಆಳೆತ್ತರದ ಕೋಲು, ಕೋಲಿನ ತುದಿಗೆ ಬೋಗುಣಿಯಷ್ಟು ದೊಡ್ಡ ಯಂತ್ರ. ಅದನ್ನು ಮೂಲೆಯಲ್ಲಿ ನೆಟ್ಟಗೆ ಹಿಡಿದರೆ ಆಕಾಶದ ಉಪಗ್ರಹಗಳು ಆ ಮೂಲೆ ಭೂಮಿಯ ಮೇಲೆ ಎಲ್ಲಿದೆಯೆಂದು ಅಂಗುಲದ ಲೆಕ್ಕದಲ್ಲಿ ಹೇಳುತ್ತವಂತೆ. ಒಬ್ಬರೇ ಬಂದಿದ್ದರು. "ಸಾಯಂಕಾಲ ನಕ್ಷೆ ಮುಗಿಸಿ ಕಳಿಸ್ಬೇಕು, ಆಮೇಲೆ ನನ್ನ ಕೈಲಿಲ್ಲ" ಅಂತ ಬಂದ ಕೂಡಲೇ ಹೇಳಿದರು. ಕಾಲೋನಿಯವರೆಲ್ಲ ರಜೆ ಹಾಕಿ ಕಾಯುತ್ತಿದ್ದೆವು. ಗಂಗಣ್ಣ ಅವರನ್ನು ಮೊದಲು ತನ್ನ ಮನೆಗೆ ಕರೆದುಕೊಂಡು ಹೋದ.

ಸ್ವಲ್ಪ ಹೊತ್ತಿಗೆ ನಮಗೆ ಕರೆ ಬಂತು. ಹಿತ್ತಲಿನ ಮೂಲೆಗಳಿಗೆ ಸುಣ್ಣ ಬೀಳಬೇಕು, ಕೋಲು ಹಿಡಿಯಲು ಜನ ಬೇಕು, ಸಪ್ಪಲಿ ಮತ್ತು ಅವಳ ಸೊಸೆ ಬರಬೇಕಂತೆ.

ಹೋದೆವು. ಮುಂಬಾಗಿಲು ಪೂರ್ತಿ ತೆರೆದಿತ್ತು. ಹೊಸಿಲಿನಿಂದ ಹಿತ್ತಲ ಬಾಗಿಲವರೆಗೆ ಮನೆಯೊಳಗೆ ಉದ್ದಕ್ಕೂ ಗೋಣಿಚೀಲ ಹಾಸಿದ್ದರು. ದೇವರಮನೆಗೆ ಬಾಗಿಲು ಹಾಕಿ ಚಿಲಕ ಜಡಿದಿದ್ದರು. ನೀರಿನ ಹಂಡೆಗೆ ತಟ್ಟೆ ಮುಚ್ಚಿ ತಟ್ಟೆಯ ಮೇಲೆ ಗುಂಡುಕಲ್ಲು ಹೇರಿದ್ದರು, ನಾವೇನು ಅದರಲ್ಲಿ ಈಜುತ್ತೇವೆ ಅನ್ನುವ ಹಾಗೆ. ವರಲಕ್ಷ್ಮಮ್ಮ ಒಂದು ಬಕೆಟ್ ಗಂಜಳ ಹಿಡಿದು ಮೂಲೆಯಲ್ಲಿ ನಿಂತಿದ್ದಳು.

"ಬನ್ನಿ ಬನ್ನಿ, ಚೀಲದ ಮೇಲೇ ಬನ್ನಿ" ಅಂದ ಗಂಗಣ್ಣ. ಹೊಸ ಸುಣ್ಣದ ಮೂಟೆ ಹೊಸಿಲ ಪಕ್ಕದಲ್ಲಿತ್ತು.

ನಿಜ ಹೇಳುತ್ತೇನೆ, ನನಗೆ ಖುಷಿಯಾಯಿತು. ಒಂಬತ್ತು ವರ್ಷದಲ್ಲಿ ಆ ಮನೆಯ ಹೊಸಿಲನ್ನು ಯಾರೂ ನಮಗೆ ತೋರಿಸಿರಲಿಲ್ಲ. ಗೋಣಿಚೀಲವೋ ಗಂಜಳವೋ, ಮುಂಬಾಗಿಲಿನಿಂದ ಹೋಗುತ್ತಿದ್ದೇವಲ್ಲ, ಇದೇ ಗೆಲುವು ಅಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಡಬ್ಬಿ ಎತ್ತಿಕೊಂಡು ಒಂದು ಕಾಲು ಹೊಸಿಲ ಮೇಲಿಟ್ಟೆ. ಹಿಂದಿನಿಂದ ಅತ್ತೆ ನನ್ನ ಜಡೆ ಹಿಡಿದು ಎಳೆದರು.

"ನಾನ್ ಬರಲ್ಲ. ಇವಳೂ ಬರಲ್ಲ" ಅಂದರು.

ಅತ್ತೆ ಊರಬೀದಿಯಲ್ಲಿ ನಿಂತು ಆಡಿದ ಮೊದಲ ಎದುರುಮಾತು ಅದು. ಗಂಗಣ್ಣನಿಗೆ ಅರ್ಥವಾಗಲಿಲ್ಲ.

"ಯಾಕೆ? ಒಳಕ್ಕೆ ಕರೀತಾ ಇದೀನಲ್ಲ."

"ನೀವು ಕರೀತಿರೋದು ಸುಣ್ಣಾನ ಸ್ವಾಮಿ. ಸುಣ್ಣ ಅಲ್ಲೇ ಐತೆ, ಕರ್ಕೊಂಡೋಗಿ."

"ಏನ್ ಸಪ್ಪಲಿ, ಮೇಡಂ ಮುಂದೆ ಮರ್ಯಾದೆ ಕಳೀತೀಯಾ. ಚೀಲ ಬ್ಯಾರೆ ಹಾಸಿದೀವಿ."

"ಅದ್ಕೇ. ಚೀಲ ಹಾಸಿರೋ ಮನೇಲಿ ನಂಗೇನು ಕೆಲ್ಸ. ರಾಗಿ ಮೂಟೆ ಇಡೋದಿದ್ರೆ ಇಡಿ." ಅತ್ತೆ ನನ್ನ ಕೈಯಿಂದ ಡಬ್ಬಿ ಕಿತ್ತುಕೊಂಡು ಜಗುಲಿಯ ಮೇಲಿಟ್ಟರು. "ಎರಡು ದಿನ ನಿಮ್ಮೂರಿಗೆಲ್ಲ ಎಳ್ದೆ. ನನ್ ಗೆರೆಗೆ ಹಿಡಿ ಸುಣ್ಣ ಉಳೀಲಿಲ್ಲ. ಇನ್ಮೇಲೆ ಈ ಊರ್ನಲ್ಲಿ ಬ್ಯಾರೆಯೋರ ಗೆರೆ ನಾನ್ ಎಳಿಯಲ್ಲ."

ಇಷ್ಟು ಹೇಳಿ ಬೀದಿಯ ನಡುವೆ ಮನೆ ಕಡೆ ನಡೆದರು. ನಾನು ಹಿಂದೆ ಓಡಿದೆ.

ಆಮೇಲೆ ಹಿತ್ತಲಲ್ಲಿ ಆದದ್ದನ್ನು ನಾವು ಗೋಡೆಯ ಈಚೆಯಿಂದ ಕೇಳಿಸಿಕೊಂಡೆವು. ಸುಣ್ಣ ಎಳೆಯಲು ಗಂಗಣ್ಣ ಮಗ ಅನಿಲ್‌ಕುಮಾರನನ್ನು ಕರೆದ. ಅನಿಲ್‌ಕುಮಾರ ನೆಲಮಂಗಲದಲ್ಲಿ ಸೈಟು ತೋರಿಸುವ ಕೆಲಸದಲ್ಲಿದ್ದಾನೆ, ಅವತ್ತು ಬಿಳಿ ಪ್ಯಾಂಟು. ಅವನು ಡಬ್ಬಿ ಕುಟ್ಟುವುದು ಬಿಟ್ಟು ಊದಿದನೋ ಏನೋ, ಒಂದೇ ನಿಮಿಷಕ್ಕೆ "ಅಪ್ಪಾ ಕಣ್ಣು" ಅನ್ನುವ ಕೂಗು ಬಂತು. ವರಲಕ್ಷ್ಮಮ್ಮ ಓಡಿ ಬಂದು ಕೈಯಲ್ಲಿದ್ದ ಬಕೆಟನ್ನೇ ಮಗನ ಮುಖಕ್ಕೆ ಎರಚಿದಳಂತೆ. ನಮಗೆಂದು ಇಟ್ಟಿದ್ದ ಗಂಜಳ ಹಾಗಾದರೂ ಖರ್ಚಾಯಿತು. ಟೈಲ್ಸಿನ ಬಚ್ಚಲಲ್ಲಿ ಅವನ ಕಣ್ಣು ತೊಳೆಯುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ಸುಣ್ಣವನ್ನು ಕೊನೆಗೆ ಗಂಗಣ್ಣನೇ ಎಳೆದ. ಆದರೆ ಯಂತ್ರ ಒಪ್ಪಲಿಲ್ಲ. ಸರ್ವೆಯಮ್ಮನವರ ದನಿ ಕೇಳಿಸಿತು. "ಮರ ಅಡ್ಡ ಇದೆ ಸರ್, ಉಪಗ್ರಹ ಸಿಗ್ತಿಲ್ಲ. ಬಯಲಲ್ಲಿ ಒಂದು ಬಿಂದು ತಗೊಂಡು ಅಲ್ಲಿಂದ ಟೇಪ್ ಹಿಡೀಬೇಕು. ಗೋಡೆ ಆಕಡೆ ಬಯಲಿದೆಯಾ?"

ಗೋಡೆಯ ಆಕಡೆ ಇದ್ದದ್ದು ನಮ್ಮ ಅಂಗಳ.

ಹತ್ತು ನಿಮಿಷಕ್ಕೆ ಅವರು ಊರು ಸುತ್ತಿ ಬಂದರು, ಮುಂದೆ ಸರ್ವೆಯಮ್ಮ, ಹಿಂದೆ ಕೋಲು ಹೊತ್ತ ಗಂಗಣ್ಣ. ಮೊಣಕೈವರೆಗೆ ಸುಣ್ಣ, ಮೀಸೆಯಲ್ಲೂ ಸುಣ್ಣ. ಕಾಲೋನಿಯವರೆಲ್ಲ ಬಾಗಿಲಿಗೆ ಬಂದು ನಿಂತೆವು. ಸರ್ವೆಯಮ್ಮ ಅಂಗಳದ ನಡುವೆ ಒಂದು ಜಾಗ ತೋರಿಸಿ, ಇಲ್ಲಿ ಕೋಲು ಹಿಡೀರಿ, ಆಕಾಶ ಚೆನ್ನಾಗಿ ಕಾಣುತ್ತೆ ಅಂದರು. ಅಷ್ಟರಲ್ಲಿ ಅತ್ತೆ ಹೋಗಿ ಆ ಜಾಗದಲ್ಲಿ ಚಕ್ಕಂಬಕ್ಕಲ ಹಾಕಿಕೊಂಡು ಕೂತರು.

"ಏಳು ಸಪ್ಪಲಿ, ಟೈಮಾಯ್ತದೆ" ಅಂದ ಗಂಗಣ್ಣ.

"ಗುಂಡುತೋಪಲ್ಲಿ ಯಾರ್ ಬೇಕಾದ್ರೂ ಕುಂತ್ಕೋಬೌದು."

"ಹುಡುಗಾಟ ಆಡ್ಬ್ಯಾಡ."

"ಇದು ನನ್ ಮನೆ ಅಂಗಳ ಅನ್ನಿ, ಎದ್ದು ಜಾಗ ಬಿಡ್ತೀನಿ. ಗುಂಡುತೋಪು ಅಂದ್ರೆ ನಂಗೆ ಇಲ್ಲೇ ಬಿಸಿಲು ಚೆನ್ನಾಗೈತೆ."

ಗಂಗಣ್ಣ ಸರ್ವೆಯಮ್ಮನ ಮುಖ ನೋಡಿದ. ಅವರು ಬ್ಯಾಗಿನಿಂದ ಕಾಗದ ತೆಗೆದರು.

"ಅವರು ಕೇಳ್ತಿರೋದು ಸರಿಯಾಗೇ ಇದೆ ಸರ್. ಹಿಂದೆ ಗುಂಡುತೋಪು ಅಂತ ತೋರಿಸಿದ್ದು ನೀವು, ಸಹಿ ನಿಮ್ದೇ. ಗುಂಡುತೋಪು ಇದ್ರೆ ಆ ಮರಗಳು ಅದರದ್ದೇ. ಮರ ನಿಮ್ದು ಅಂದ್ರೆ ಗುಂಡುತೋಪು ಇಲ್ಲ. ಎರಡ್ರಲ್ಲಿ ಒಂದು ಹೇಳಿ."

"ಐತೆ ಮೇಡಂ, ಒಸಿ ಆಕಡೆ. ಗೋಡೆ ಆದ್ಮೇಲೆ."

"ಗೋಡೆ ಆದ್ಮೇಲೇನೇ ನಾವು ನಿಂತಿರೋದು. ತೋಪೆಲ್ಲಿ?"

ಗಂಗಣ್ಣ ಸುತ್ತ ನೋಡಿದ. ನಾವೂ ಅವನ ಜೊತೆ ಸುತ್ತ ನೋಡಿದೆವು. "ನನ್ ನುಗ್ಗೆಗಿಡ ಐತೆ ಸ್ವಾಮಿ, ಬೇಕಾದ್ರೆ ಬರ್ಸಿ" ಅಂತು ಲಕ್ಕಮ್ಮಜ್ಜಿ. ಸರ್ವೆಯಮ್ಮ ಟೋಪಿ ಸರಿಮಾಡಿಕೊಳ್ಳುವ ನೆಪದಲ್ಲಿ ಮುಖ ತಿರುಗಿಸಿದರು.

ಅವನ ಬಚ್ಚಲಿನಿಂದ ನೀರು ಹರಿದು ಬಂದು ಅತ್ತೆಯ ಸೀರೆ ನೆನೆಯಿತು. ಅತ್ತೆ ಏಳಲಿಲ್ಲ. ಗಂಗಣ್ಣ ಗೋಡೆ ಮೇಲೆ ಬಾಗಿದ ಹುಣಸೆಕೊಂಬೆ ನೋಡಿದ, ನಮ್ಮ ಇಪ್ಪತ್ತೆರಡು ಬಾಗಿಲು ನೋಡಿದ. ಲೇಔಟಿನವರ ರಸ್ತೆ ಒಂದು ಕಡೆ, ಹಿತ್ತಲು ಇನ್ನೊಂದು ಕಡೆ. ಅವನ ತಲೆಯೊಳಗೆ ತಕ್ಕಡಿ ತೂಗುವುದು ಹೊರಗಿನಿಂದಲೇ ಕಾಣುತ್ತಿತ್ತು. ಕೊನೆಗೆ ಗೊಗ್ಗರು ದನಿಯಲ್ಲಿ, "ಮನೆಗಳು ಮೇಡಂ. ಇವರದ್ದೇ. ನಾನು ಅವತ್ತು ಗಮನ ಇಟ್ಟು ಹೇಳ್ಲಿಲ್ಲ" ಅಂದ.

"ಬರೆದು ಸಹಿ ಹಾಕಿ" ಅಂದರು ಸರ್ವೆಯಮ್ಮ. ಬರೆದ. ಅತ್ತೆ ಎದ್ದು ಸೀರೆ ಹಿಂಡಿಕೊಂಡರು.

ಕೋಲು ಹಿಡಿಯಲು ಗಂಗಣ್ಣ ಜನ ಹುಡುಕಿದ. ನರೇಶ್ ಕೈ ಕಟ್ಟಿಕೊಂಡು ನಿಂತಿದ್ದ, ಉಳಿದವರೂ ಹಾಗೇ ನಿಂತಿದ್ದರು. ಗಂಗಣ್ಣನೇ ಹಿಡಿದ. ಕೋಲಿನಲ್ಲಿ ಒಂದು ನೀರಿನ ಗುಳ್ಳೆ ಇರುತ್ತದೆ, ಅದು ನಡುವೆ ನಿಲ್ಲುವ ಹಾಗೆ ಅಲ್ಲಾಡದೆ ಹಿಡಿಯಬೇಕು. ಅವನು ನಮ್ಮ ಅಂಗಳದಲ್ಲಿ, ತನ್ನ ಬಚ್ಚಲ ನೀರಿನಲ್ಲಿ ಕಾಲಿಟ್ಟುಕೊಂಡು, ಬಿಸಿಲಲ್ಲಿ ಉಸಿರು ಬಿಗಿಹಿಡಿದು ನಿಂತ. "ಅಲ್ಲಾಡ್ಬೇಡಿ ಸರ್" ಅಂತ ಸರ್ವೆಯಮ್ಮ ಎರಡೆರಡು ಸಲ ಹೇಳಿದರು. ಅವನ ಹಿತ್ತಲಿಗೆ ಮೂಲೆ ಸಿಕ್ಕಿತು.

ಅವನು ಹೊರಡಲು ನೋಡಿದ. ಆಗಲಿಲ್ಲ. ಚೆಕ್ಕುಬಂದಿ ಬಾಕಿ ಇತ್ತು. ಒಂದು ಜಾಗಕ್ಕೆ ನಾಲ್ಕು ದಿಕ್ಕಿನಲ್ಲಿ ಯಾರ್ಯಾರು ಇದ್ದಾರೆಂದು ಬರೆಯಬೇಕು, ಅವರೆಲ್ಲ ಒಪ್ಪಿ ಸಹಿ ಮಾಡಬೇಕು. ಮೂರು ದಿಕ್ಕಿನ ಸಹಿ ಊರಿನಲ್ಲೇ ಸಿಕ್ಕಿತ್ತು. ಉತ್ತರದ ದಿಕ್ಕಿಗೆ ಸಹಿ ಮಾಡಬೇಕಾದವರು ನಮ್ಮ ಅತ್ತೆ.

"ಮಾಡ್ತೀನಿ" ಅಂದರು ಅತ್ತೆ. "ಆದ್ರೆ ನಾನು ಇನ್ನೂ ನಕ್ಷೇಲೇ ಇಲ್ವಲ್ಲ. ಇಲ್ಲದೋಳು ಹೆಂಗೆ ಸಹಿ ಹಾಕ್ಲಿ? ಮೊದ್ಲು ನನ್ನನ್ನ ಬರ್ಕೊಳ್ಳಿ. ನನ್ ಚೆಕ್ಕುಬಂದೀಲಿ ಲಕ್ಕಮ್ಮಜ್ಜಿ ಬರ್ತದೆ, ಅದನ್ನೂ ಬರ್ಕೊಳ್ಳಿ. ಅಜ್ಜಿ ಪಕ್ಕದೋರ್ನೂ ಬರ್ಕೊಳ್ಳಿ."

ಸರ್ವೆಯಮ್ಮ ಗಡಿಯಾರ ನೋಡಿಕೊಂಡರು, ನನ್ನ ಪ್ಲಾಸ್ಟಿಕ್ ಕವರು ನೋಡಿದರು. "ಕೋಲು ಹಿಡಿಯೋರು ಬೇಕು" ಅಂದರು.

ಈಗ ನಮ್ಮವರು ಮುಂದೆ ಬಂದರು. ಗಂಗಣ್ಣನ ಹೊಸ ಸುಣ್ಣದ ಮೂಟೆಯನ್ನು ನರೇಶ್ ಆಟೋದಲ್ಲಿ ಹಾಕಿಕೊಂಡು ಬಂದ, ಯಾರನ್ನೂ ಕೇಳಲಿಲ್ಲ. ಒಂದೊಂದು ಮನೆಯವರೂ ತಮ್ಮ ಗೆರೆ ತಾವೇ ಎಳೆದುಕೊಂಡರು. ಕೋಳಿಗಳನ್ನು ಮಂಕರಿ ಕವುಚಿ ಮುಚ್ಚಿಟ್ಟೆವು. ಯಂತ್ರ ಒಂದೊಂದು ಮೂಲೆಗೂ ಕುಂಯ್ ಅನ್ನುತ್ತಿತ್ತು. ಗಂಗಣ್ಣ ನಮ್ಮ ಬಾಗಿಲ ಪಕ್ಕದ ಒರಳುಕಲ್ಲಿನ ಮೇಲೆ ಕೂತು ಕಾದ. ಹೋಗಿ ಬರುತ್ತೇನೆ ಅಂದರೆ ಸರ್ವೆಯಮ್ಮ ಬಿಡಲಿಲ್ಲ, ಎರಡೂ ಕಡೆಯವರು ಎದುರಿಗೇ ಇರಬೇಕಂತೆ. ಇಪ್ಪತ್ತೆರಡನೇ ಮನೆ ಮುಗಿದಾಗ ಬಿಸಿಲು ಇಳಿದಿತ್ತು.

ಸರ್ವೆಯಮ್ಮ ಗಂಗಣ್ಣನ ಫಾರಂ ತಂದು ಅತ್ತೆಯ ಮುಂದೆ ಹಿಡಿದರು, ಇಂಕಿನ ಪ್ಯಾಡೂ ತೆಗೆದರು. ಅತ್ತೆ ಕೈ ಮುಂದೆ ಮಾಡಲಿಲ್ಲ.

"ನಂಗೆ ಓದೋಕ್ ಬರಲ್ಲ ಅಂತ ಇವ್ರೆಲ್ಲ ಹೇಳ್ತಾರೆ. ಏನ್ ಬರ್ದೈತೋ ಯಾರಿಗೆ ಗೊತ್ತು. ಅವ್ರೇ ಓದ್ಲಿ."

ಗಂಗಣ್ಣ ಕಾಗದ ತೆಗೆದುಕೊಂಡು ಗೊಣಗಿದ.

"ಕೇಳಿಸ್ಲಿಲ್ಲ."

"ಉತ್ತರಕ್ಕೆ," ಅಂತ ಓದಿದ, "ಸಪ್ಪಲಮ್ಮ ಕೋಂ ಲೇಟ್ ನರಸಿಂಹಯ್ಯ, ಇವರ ವಾಸದ ಮನೆ ಮತ್ತು ಅಂಗಳ."

"ಕೊನೇ ಮನೆಯೋರಿಗೆ ಕೇಳಿಸ್ಲಿಲ್ಲ ಸ್ವಾಮಿ."

ಕೊನೆಯ ಮನೆಯವರು ಕೇಳಿಸಲಿಲ್ಲ ಅಂತ ತಲೆಯಾಡಿಸಿದರು. ಗಂಗಣ್ಣ ಎದ್ದು ನಿಂತು ಇನ್ನೊಮ್ಮೆ ಓದಿದ, ಎಲೆಕ್ಷನ್ನಿನಲ್ಲಿ ಕೂಗುತ್ತಿದ್ದಷ್ಟೇ ಜೋರಾಗಿ. ಗೋಡೆಯ ಆಚೆ ವರಲಕ್ಷ್ಮಮ್ಮನ ಪಾತ್ರೆಯ ಸದ್ದು ನಿಂತಿತು.

ಅತ್ತೆ ಇಂಕಿನ ಪ್ಯಾಡನ್ನು ಪಕ್ಕಕ್ಕೆ ಸರಿಸಿ ಸರ್ವೆಯಮ್ಮನ ಜೇಬಿನ ಪೆನ್ನು ಕೇಳಿ ತೆಗೆದುಕೊಂಡರು. ಫಾರಮ್ಮನ್ನು ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಬೆರಳಿಟ್ಟು ಓದಿದರು. ಎರಡನೇ ಸಾಲಿನಲ್ಲಿ ಮಾವನ ಹೆಸರಿಗೆ ಒಂದು ಒತ್ತು ಬಿಟ್ಟುಹೋಗಿತ್ತು, ಅದನ್ನು ತಿದ್ದಿದರು. ಆಮೇಲೆ ದುಂಡಗೆ ಸಹಿ ಹಾಕಿದರು. ನಮ್ಮ ಅತ್ತೆ ಏಳನೇ ಕ್ಲಾಸು ಪಾಸು. ನಲವತ್ತು ವರ್ಷದಲ್ಲಿ ಆ ಊರಿನವರು ಯಾರೂ ಕೇಳಿರಲಿಲ್ಲ.